ಈಟಿ ಗುರಿ ತಪ್ಪುತ್ತಿದೆಯಾ? ರಬ್ಬರ್ ಸ್ಪಿಯರ್‌ಗನ್‌ನ ದೋಷ ಹುಡುಕುವ ಬಗೆ

ನೀರಿನೊಳಗೆ ಮೀನಿಗೆ ಈಟಿ ಬಿಡುವ, ರಬ್ಬರ್ ಎಳೆದು ಹೊಡೆಯುವ ಸ್ಪಿಯರ್‌ಗನ್ ಗುರಿ ತಪ್ಪತೊಡಗಿದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಒಂದೇ: ಇನ್ನೂ ದಪ್ಪ ರಬ್ಬರ್ ಹಾಕುವುದು. ನಾನೂ ಅದನ್ನೇ ಮಾಡಿದ್ದೆ. ನನ್ನ ಗನ್ನಿನ ಈಟಿ ಗುರಿಗಿಂತ ಒಂದು ಗೇಣು ಕೆಳಗೆ ಹೋಗುತ್ತಿತ್ತು. ಶಕ್ತಿ ಸಾಲದು ಅಂದುಕೊಂಡು 16 ಮಿ.ಮೀ. ರಬ್ಬರ್ ತೆಗೆದು 18 ಮಿ.ಮೀ. ಹಾಕಿದೆ. ಆಮೇಲೆ ಈಟಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಎಲ್ಲಿಗೋ. ಮೊದಲು ಒಂದು ತಪ್ಪಿತ್ತು, ಈಗ ಎರಡಾಯಿತು. ಒಂದು ದಿನ ಗನ್ನನ್ನು ನಲ್ಲಿ ಕೆಳಗೆ ತೊಳೆದು ಅಲುಗಾಡಿಸಿದಾಗ ಒಳಗಿನಿಂದ ಗುಳುಗುಳು ಸದ್ದು ಕೇಳಿತು. ಬ್ಯಾರಲ್ ಒಳಗೆ ನೀರು ಸೇರಿತ್ತು. ಮೂತಿ ಭಾರವಾಗಿ ಬಾಗುತ್ತಿತ್ತು, ಅಷ್ಟೇ. ರಬ್ಬರ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಅದಕ್ಕೇ ಈ ಬರಹದಲ್ಲಿ ನಾನು ಹಿಡಿದಿರುವ ಹಟ ಒಂದು: ದೋಷ ಎಲ್ಲಿದೆ ಅಂತ ಗೊತ್ತಾಗುವ ತನಕ ಏನನ್ನೂ ಬದಲಿಸಬೇಡಿ. ಗೊತ್ತಾದ ಮೇಲೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಶಕ್ತಿ ಹೆಚ್ಚಿಸುವ ಮಾತು ಕಟ್ಟಕಡೆಗೆ ಇರಲಿ.

ಭಾಗಗಳ ಹೆಸರು ಒಮ್ಮೆ ಹೇಳಿಬಿಡುತ್ತೇನೆ. ಉದ್ದನೆಯ ಕೊಳವೆ ಅಥವಾ ಮರದ ದಂಡ ಬ್ಯಾರಲ್. ಅದರ ಮುಂದಿನ ತುದಿ ಮೂತಿ. ಬ್ಯಾರಲ್ ಮೇಲೆ ಈಟಿ ಕೂರುವ ತೋಡು ಟ್ರ್ಯಾಕ್. ಎರಡು ರಬ್ಬರ್ ತುದಿಗಳನ್ನು ಜೋಡಿಸುವ ದಾರದ ತುಂಡು ವಿಶ್‌ಬೋನ್. ಈಟಿಯ ಬೆನ್ನ ಮೇಲೆ ವಿಶ್‌ಬೋನ್ ಸಿಕ್ಕಿಸುವ ಜಾಗ ಕಚ್ಚು. ಕೆಲವು ಈಟಿಗಳಲ್ಲಿ ಅದರ ಬದಲು ಮೀನಿನ ರೆಕ್ಕೆಯಂಥ ಪುಟ್ಟ ತಗಡು ಇರುತ್ತದೆ. ಈಟಿಯ ತುದಿ ಹತ್ತಿರ ಮಡಚಿ ತೆರೆಯುವುದು ಕೊಕ್ಕೆ. ಈಟಿಯನ್ನು ಗನ್ನಿಗೆ ಕಟ್ಟುವ ದಾರ ಲೈನ್. ಹೊಡೆಯುವ ಮೊದಲು ಅದನ್ನು ಮೂತಿಗೂ ಹಿಡಿಯ ಹತ್ತಿರದ ಪುಟ್ಟ ಲಿವರಿಗೂ ನಡುವೆ ಸುತ್ತಿಡುತ್ತಾರೆ, ಅದೇ ಲೈನ್ ಸುತ್ತು.

ಶುರು ಮಾಡುವ ಮೊದಲು

ಗನ್ನಿನ ರಬ್ಬರ್ ಎಳೆದು ಕಚ್ಚಿಗೆ ಸಿಕ್ಕಿಸುವುದು ನೀರಿನೊಳಗೆ ಮಾತ್ರ. ನೀರಿನಿಂದ ಮೇಲೆ ಬರುವ ಮೊದಲು ರಬ್ಬರ್ ಬಿಚ್ಚಬೇಕು. ಗಾಳಿಯಲ್ಲಿ ಒಮ್ಮೆ ಹೊಡೆದು ನೋಡೋಣ ಅನ್ನುವ ಆಸೆ ಬರುತ್ತದೆ, ಬಿಡಿ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಈಟಿಯ ವೇಗ ತಗ್ಗುವುದೇ ಆ ನೀರಿನಿಂದ. ಗಾಳಿಯಲ್ಲಿ ಬಿಟ್ಟರೆ ಈಟಿ ಲೈನ್ ಮುಗಿಯುವ ತನಕ ಪೂರ್ತಿ ರಭಸದಲ್ಲಿ ಹೋಗುತ್ತದೆ. ಆಮೇಲೆ ಲೈನ್ ಹರಿಯಬಹುದು, ಇಲ್ಲವೇ ಈಟಿ ನಿಮ್ಮ ಕಡೆಗೇ ವಾಪಸ್ ಚಿಮ್ಮಬಹುದು.

ಪರೀಕ್ಷೆಗೆ ಒಬ್ಬರೇ ಇಳಿಯಬೇಡಿ. ಜೊತೆಗಾರ ನಿಮ್ಮ ಪಕ್ಕದಲ್ಲಿ ಅಥವಾ ಹಿಂದೆ ಇರಲಿ, ಮುಂದೆ ಎಂದಿಗೂ ಬೇಡ. ಉಸಿರು ಬಿಗಿಹಿಡಿದು ಪದೇಪದೇ ಮುಳುಗುವ ಕೆಲಸವೂ ಇದಲ್ಲ. ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಹಾಕಿ ನೀರಿನ ಮೇಲೆ ಬೋರಲಾಗಿ ಮಲಗಿಕೊಂಡೇ ಹೊಡೆಯಬಹುದು. ಗುರಿಯನ್ನು ಅರ್ಧ ಮೀಟರ್ ಆಳದಲ್ಲಿ ನಿಲ್ಲಿಸಿದರೆ ಸಾಕು. ನೀವಿರುವ ಕಡೆ ಸ್ಪಿಯರ್‌ಗನ್ ಬಳಕೆಗೆ ಏನು ನಿಯಮ ಇದೆ ಅನ್ನುವುದನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಐದು ಏಟು, ಒಂದು ಹಾಳೆ

ದಪ್ಪ ಫೋಮ್ ಹಾಳೆಯೊಂದು ಬೇಕು. ಕೆಳಗೆ ತೂಕ, ಮೇಲೆ ತೇಲುವ ಬುಂಡೆ ಕಟ್ಟಿದರೆ ನೀರಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ನಡುವೆ ಮಾರ್ಕರ್‌ನಲ್ಲಿ ರೂಪಾಯಿ ನಾಣ್ಯದಷ್ಟು ಚುಕ್ಕೆ ಹಾಕಿ. ಹಾಳೆಯ ಹಿಂದೆ ಬಂಡೆ, ಗೋಡೆ, ದೋಣಿ, ಜನ ಯಾವುದೂ ಇರಬಾರದು. ಮರಳಿನ ತಳ ಇದ್ದರೆ ಒಳ್ಳೆಯದು. ಈಜುಕೊಳದಲ್ಲಿ ಮಾಡಬೇಡಿ. ಈಟಿ ಗೋಡೆಗೆ ಬಡಿದರೆ ಗೋಡೆಯೂ ಹೋಯಿತು, ಈಟಿಯ ತುದಿಯೂ ಹೋಯಿತು. ಕೊಕ್ಕೆಗೆ ಒಂದು ಚಿಕ್ಕ ರಬ್ಬರ್ ಉಂಗುರ ಹಾಕಿ ಮುಚ್ಚಿಡಿ, ಇಲ್ಲದಿದ್ದರೆ ಪ್ರತಿ ಸಲವೂ ಫೋಮ್‌ನಿಂದ ಈಟಿ ಕೀಳುವುದರಲ್ಲೇ ಹೊತ್ತು ಹೋಗುತ್ತದೆ.

ದೂರವನ್ನು ಕಣ್ಣಳತೆಯಲ್ಲಿ ನಂಬಬೇಡಿ. ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್ ಒಳಗಿನ ಗಾಳಿ ಮತ್ತು ಹೊರಗಿನ ನೀರಿನ ನಡುವೆ ಬೆಳಕು ಬಾಗುವುದರಿಂದ ವಸ್ತುಗಳು ಇರುವ ದೂರದ ಮುಕ್ಕಾಲು ಭಾಗದಲ್ಲೇ ಇದ್ದಂತೆ ಕಾಣುತ್ತವೆ. ಗಾತ್ರವೂ ಮೂರನೇ ಒಂದು ಭಾಗ ಜಾಸ್ತಿ ಕಾಣುತ್ತದೆ. ಮೂರು ಮೀಟರ್ ಅಂತ ಅಂದಾಜು ಮಾಡಿದ್ದು ನಿಜಕ್ಕೂ ನಾಲ್ಕು ಮೀಟರ್ ಇರುತ್ತದೆ. "ನನ್ನ ಗನ್ ಯಾಕೋ ಮುಟ್ತಾನೇ ಇಲ್ಲ" ಅನ್ನುವ ದೂರುಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ. ಗಂಟು ಹಾಕಿದ ಹಗ್ಗದಿಂದ ಅಳೆಯಿರಿ. ಅಳತೆ ಈಟಿಯ ತುದಿಯಿಂದ ಹಾಳೆಯವರೆಗೆ, ನಿಮ್ಮ ಮೂಗಿನಿಂದಲ್ಲ. ಮೊದಲು 2 ಮೀಟರ್ ಇರಲಿ.

ಈಗ ಐದು ಏಟು ಹೊಡೆಯಿರಿ. ನಡುವೆ ಏನನ್ನೂ ಸರಿಪಡಿಸಬೇಡಿ. ಮೊದಲ ಏಟು ಎಡಕ್ಕೆ ಹೋಯಿತು ಅಂತ ಎರಡನೆಯದನ್ನು ಬಲಕ್ಕೆ ಗುರಿ ಇಟ್ಟರೆ ಇಡೀ ಪರೀಕ್ಷೆ ಕೆಟ್ಟಿತು. ಪ್ರತಿ ಸಲವೂ ಚುಕ್ಕೆಗೇ ಗುರಿ. ಪ್ರತಿ ತೂತಿನ ಪಕ್ಕ ಅದರ ಸಂಖ್ಯೆ ಬರೆಯಿರಿ.

ಐದೂ ತೂತು ಒಂದೇ ಕಡೆ, ಅಂಗೈ ಅಗಲದೊಳಗೆ ಬಿದ್ದಿವೆ, ಆದರೆ ಚುಕ್ಕೆಯಿಂದ ದೂರ ಇವೆ ಅಂದರೆ ಗನ್ ಪ್ರತಿ ಸಲವೂ ಅದೇ ಕೆಲಸ ಮಾಡುತ್ತಿದೆ. ಇದು ಒಳ್ಳೆಯ ಸುದ್ದಿ. ಕಾರಣ ಒಂದೇ ಇರುತ್ತದೆ, ಸಿಗುತ್ತದೆ: ಕಣ್ಣಿನ ಜಾಗ, ಬಾಗಿದ ಈಟಿ, ಬಾಗಿದ ಬ್ಯಾರಲ್, ಇಲ್ಲವೇ ತೂಕದ ಏರುಪೇರು. ತೂತುಗಳು ಹಾಳೆಯ ತುಂಬ ಚೆಲ್ಲಾಪಿಲ್ಲಿಯಾಗಿದ್ದರೆ ಪ್ರತಿ ಏಟಿಗೂ ಏನೋ ಒಂದು ಬೇರೆಯಾಗುತ್ತಿದೆ. ಆಗ ನೋಡಬೇಕಾದದ್ದು ರಬ್ಬರ್, ವಿಶ್‌ಬೋನ್, ಲೈನ್ ಸುತ್ತು, ಸಡಿಲ ಕೊಕ್ಕೆ, ಟ್ರಿಗರ್, ಮತ್ತೆ ನಿಮ್ಮ ಮುಂಗೈ.

ಸಾಧ್ಯವಾದರೆ ಜೊತೆಗಾರನ ಕೈಯಲ್ಲೂ ಅದೇ ಗನ್ನಿನಿಂದ ಐದು ಏಟು ಹೊಡೆಸಿ. ಅವನ ತೂತುಗಳ ಗುಂಪು ನಿಮ್ಮದಕ್ಕಿಂತ ಬೇರೆ ಕಡೆ ಬಿದ್ದರೆ ತಪ್ಪು ಗನ್ನಿನದ್ದಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ದಿನ ಹಿಡಿಯಿತು.

ಕಣ್ಣು ಇರುವ ಕಡೆಗೇ ಈಟಿ

ಬಿಗಿ ಗುಂಪು ಚುಕ್ಕೆಗಿಂತ ಮೇಲಿದ್ದರೆ ಮೊದಲ ಅನುಮಾನ ಕಣ್ಣಿನ ಮೇಲೆ. ನೀರಿನಲ್ಲಿ ಕೈ ಚಾಚಿ ಗನ್ ಹಿಡಿದಾಗ ಕಣ್ಣು ಈಟಿಯ ನೇರಕ್ಕಿಂತ ಮೇಲೆ ಇರುತ್ತದೆ. ಈಟಿಯ ತುದಿಯನ್ನು ಮಾತ್ರ ಚುಕ್ಕೆಯ ಮೇಲೆ ಇಟ್ಟು ನೋಡುತ್ತೀರಿ. ಕಣ್ಣಿನಿಂದ ತುದಿಗೆ ಎಳೆದ ಗೆರೆ ಕೆಳಮುಖವಾಗಿ ಇಳಿಯುತ್ತದೆ. ಈಟಿ ಮಾತ್ರ ತನ್ನ ನೇರದಲ್ಲೇ ಹೋಗುತ್ತದೆ, ಅಂದರೆ ಆ ಗೆರೆಯ ಮೇಲುಗಡೆ.

ಲೆಕ್ಕ ಹಾಕಿ ನೋಡಿ. ಕಣ್ಣು ಈಟಿಯ ನೇರಕ್ಕಿಂತ 8 ಸೆಂ.ಮೀ. ಮೇಲಿದೆ, ಈಟಿಯ ತುದಿ ಕಣ್ಣಿನಿಂದ 150 ಸೆಂ.ಮೀ. ಮುಂದಿದೆ, ಗುರಿ ತುದಿಯಿಂದ 200 ಸೆಂ.ಮೀ. ಆಚೆ ಇದೆ ಅಂದುಕೊಳ್ಳಿ. 8 ಅನ್ನು 150ರಿಂದ ಭಾಗಿಸಿ 200ರಿಂದ ಗುಣಿಸಿದರೆ 10 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಅಷ್ಟು ಮೇಲೆ ಈಟಿ ಹಾಯುತ್ತದೆ. ಹೋಗುತ್ತಾ ಹೋಗುತ್ತಾ ಈಟಿ ತನ್ನ ಭಾರಕ್ಕೆ ಇಳಿಯುವುದರಿಂದ ದೂರದ ಗುರಿಗೆ ಈ ತಪ್ಪು ಅಷ್ಟಿಷ್ಟು ಮುಚ್ಚಿಹೋಗಬಹುದು. ಅದಕ್ಕೇ ಕೆಲವರಿಗೆ ಹತ್ತಿರದ ಮೀನು ತಪ್ಪಿ ದೂರದ ಮೀನು ಸಿಗುತ್ತದೆ!

ಪಕ್ಕಕ್ಕೂ ಇದೇ ಲೆಕ್ಕ. ಕಣ್ಣು ಈಟಿಯ ನೇರದಿಂದ ಯಾವ ಕಡೆಗೆ ಸರಿದಿದೆಯೋ ಈಟಿ ಗುರಿಯ ಆ ಕಡೆಗೇ ತಪ್ಪುತ್ತದೆ. ಬಲಗೈಯಲ್ಲಿ ಗನ್ ಹಿಡಿದು ಎಡಗಣ್ಣಿನಿಂದ ನೋಡುವವರ ಗುಂಪು ಎಡಕ್ಕೆ ಬೀಳುತ್ತದೆ. ನಿಮ್ಮ ಮೇಲುಗೈ ಕಣ್ಣು ಯಾವುದು ಅಂತ ಗೊತ್ತಿಲ್ಲದಿದ್ದರೆ ದಡದಲ್ಲೇ ಪರೀಕ್ಷಿಸಿ. ಎರಡೂ ಅಂಗೈ ಸೇರಿಸಿ ನಡುವೆ ಚಿಕ್ಕ ಕಿಂಡಿ ಬಿಡಿ. ಕೈ ಚಾಚಿ, ಎರಡೂ ಕಣ್ಣು ತೆರೆದು, ಕಿಂಡಿಯಲ್ಲಿ ದೂರದ ಒಂದು ವಸ್ತು ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದೇ ಮೇಲುಗೈ ಕಣ್ಣು.

ಸರಿಪಡಿಸುವುದು ಹೇಗೆ? ಗುರಿಯನ್ನು ಕೆಳಗೆ ಇಟ್ಟು ಹೊಂದಿಸಿಕೊಳ್ಳುವುದಲ್ಲ. ಗನ್ ಎತ್ತಿ, ತಲೆ ತಗ್ಗಿಸಿ, ಈಟಿ ಪೂರ್ತಿ ಉದ್ದವಾಗಿ ಕಾಣದೆ ಚಿಕ್ಕ ಗೆರೆಯಂತೆ ಕುಗ್ಗಿ ಕಾಣುವ ತನಕ ಕಣ್ಣನ್ನು ಅದರ ನೇರಕ್ಕೆ ತನ್ನಿ. ಹಿಂದಿನ ಭಾಗ, ತುದಿ, ಚುಕ್ಕೆ ಮೂರೂ ಒಂದೇ ಸಾಲಿಗೆ ಬರಬೇಕು. ತುದಿಯನ್ನು ಮಾತ್ರ ನೋಡುವುದು ಗುರಿ ಇಡುವುದಲ್ಲ.

ಇಲ್ಲೊಂದು ತಪ್ಪು ಕಲ್ಪನೆ ಬಗ್ಗೆ ಹೇಳಲೇಬೇಕು. ಬೆಳಕು ಬಾಗುತ್ತದೆ, ಅದಕ್ಕೆ ಮೀನಿಗಿಂತ ಕೆಳಗೆ ಗುರಿ ಇಡಬೇಕು ಅಂತ ಕೆಲವರು ಹೇಳುತ್ತಾರೆ. ಅದು ದಡದಲ್ಲೋ ದೋಣಿಯಲ್ಲೋ ನಿಂತು ನೀರಿನೊಳಗಿನ ಮೀನಿಗೆ ಹೊಡೆಯುವವರ ಮಾತು. ನೀವು, ಈಟಿ, ಮೀನು ಎಲ್ಲ ನೀರಿನೊಳಗೇ ಇದ್ದು ಮಾಸ್ಕ್‌ನ ಗಾಜಿನ ಮೂಲಕ ನೇರ ಮುಂದೆ ನೋಡುವಾಗ ಆ ಹೊಂದಾಣಿಕೆ ಬೇಕಿಲ್ಲ. ಕೆಡುವುದು ದೂರದ ಅಂದಾಜು, ದಿಕ್ಕಲ್ಲ.

ಈಟಿ

ಈಟಿ ಗನ್ನಿನಲ್ಲಿ ಯಾವಾಗಲೂ ಕಚ್ಚು ಮೇಲಾಗಿಯೇ ಕೂರುತ್ತದೆ. ಹಾಗಾಗಿ ಬಾಗಿದ ಈಟಿ ಪ್ರತಿ ಸಲವೂ ಒಂದೇ ಕಡೆಗೆ ಬಾಗಿರುತ್ತದೆ, ಒಂದೇ ಕಡೆಗೆ ತಪ್ಪುತ್ತದೆ. ಬಿಗಿಯಾದ ಗುಂಪು ನೋಡಿ ಎಲ್ಲರೂ "ಗುರಿ ಇಡುವುದರಲ್ಲಿ ತಪ್ಪಿದೆ" ಅಂದುಕೊಳ್ಳುತ್ತಾರೆ. ಬಾಗಿದ ಈಟಿಯೂ ಅಂಥದ್ದೇ ಗುಂಪು ಕೊಡುತ್ತದೆ ಅನ್ನುವುದು ಹೊಳೆಯುವುದೇ ಇಲ್ಲ.

ಲೈನ್ ಬಿಚ್ಚಿ ಈಟಿಯನ್ನು ಗಾಜಿನ ಟೇಬಲ್ ಮೇಲೆ ಇಡಿ. ಕಚ್ಚು ಅಥವಾ ರೆಕ್ಕೆ, ಕೊಕ್ಕೆ ಎಲ್ಲ ಅಂಚಿನಿಂದ ಹೊರಗಿರಲಿ. ಬೆರಳಿನಿಂದ ಮೆಲ್ಲಗೆ ಉರುಳಿಸಿ. ನೆಟ್ಟಗಿದ್ದರೆ ಸದ್ದಿಲ್ಲದೆ ಉರುಳುತ್ತದೆ. ಬಾಗಿದ್ದರೆ ಟಕಟಕ ಅನ್ನುತ್ತದೆ, ಗಾಜು ಮತ್ತು ಈಟಿಯ ನಡುವೆ ಬೆಳಕಿನ ಗೆರೆ ಮೂಡಿ ಮಾಯವಾಗುತ್ತದೆ. ತುದಿಯಿಂದ ಒಂದು ಗೇಣಿನವರೆಗೆ ವಿಶೇಷವಾಗಿ ನೋಡಿ. ಕೊಕ್ಕೆಯ ಮೊಳೆಗೆ ತೂತು ಕೊರೆದ ಜಾಗ ಬಲಹೀನ, ಬಂಡೆಗೆ ಬಡಿದಾಗ ಬಾಗುವುದು ಅಲ್ಲೇ. ಕಚ್ಚು ಕೊರೆದ ಜಾಗ ಎರಡನೆಯದು.

ಸಣ್ಣ ಬಾಗನ್ನು ಮರದ ದಿಮ್ಮಿಗಳ ನಡುವೆ ಒತ್ತಿ ನೆಟ್ಟಗೆ ಮಾಡಬಹುದು. ಸ್ಪ್ರಿಂಗ್ ಉಕ್ಕು ಆಗಿರುವುದರಿಂದ ಅದು ವಾಪಸ್ ಚಿಮ್ಮುತ್ತದೆ, ತಾಳ್ಮೆ ಬೇಕು. ಕಾಯಿಸಬೇಡಿ, ಉಕ್ಕಿನ ಹದ ಕೆಡುತ್ತದೆ. ಒಮ್ಮೆ ಬಾಗಿದ್ದು ಅದೇ ಜಾಗದಲ್ಲಿ ಮತ್ತೆ ಬಾಗಿದರೆ ಆ ಈಟಿಯ ಆಸೆ ಬಿಡಿ. ಬೇರೆಯವರ ನೆಟ್ಟಗಿನ ಈಟಿಯೊಂದನ್ನು ಎರವಲು ಪಡೆದು ಮತ್ತೆ ಐದು ಏಟು ಹೊಡೆದು ನೋಡುವುದು ಎಲ್ಲಕ್ಕಿಂತ ಖಚಿತ ಪರೀಕ್ಷೆ.

ಈಟಿ ನೆಟ್ಟಗಿದ್ದರೂ ಕೊಕ್ಕೆ ಕೈ ಕೊಡುತ್ತದೆ. ಅದು ಮೈಗೆ ಅಂಟಿ ಕೂರದೆ ಎದ್ದು ನಿಂತರೆ ಮುಂದಿನ ತುದಿಯಲ್ಲಿ ಚುಕ್ಕಾಣಿ ಕಟ್ಟಿದ ಹಾಗೆ. ಮೊಳೆ ಸಡಿಲವಾಗಿ ಕೊಕ್ಕೆ ಅಕ್ಕಪಕ್ಕ ಅಲುಗಾಡುತ್ತಿದ್ದರೆ ಒಂದೊಂದು ಏಟಿಗೆ ಒಂದೊಂದು ದಿಕ್ಕು. ಈಟಿಯನ್ನು ತುದಿ ಮುಂದಾಗಿ ನೀರಿನಲ್ಲಿ ಜೋರಾಗಿ ತಳ್ಳಿ ನೋಡಿ, ಕೊಕ್ಕೆ ಮುಚ್ಚಿಕೊಂಡೇ ಇರಬೇಕು. ಪರೀಕ್ಷೆಗೆ ಹಾಕಿದ ರಬ್ಬರ್ ಉಂಗುರದಿಂದ ಗುಂಪು ತಟ್ಟನೆ ಬಿಗಿಯಾದರೆ ಕಳ್ಳ ಸಿಕ್ಕಿದ ಅಂತಲೇ ಲೆಕ್ಕ. ತುದಿಯ ಮೊನೆ ಒಂದು ಕಡೆಗೆ ಸವೆದಿದ್ದರೂ ಈಟಿ ಎಳೆಯುತ್ತದೆ. ಅದನ್ನು ಅರ ಹಾಕಿ ಸುತ್ತಲೂ ಸಮ ಮಾಡಿದರೆ ಆಯಿತು.

ರಬ್ಬರ್: ಜಾಸ್ತಿ ಅಂದರೆ ಜಾಸ್ತಿ ಅಲ್ಲ

ಚೆಲ್ಲಾಪಿಲ್ಲಿ ಗುಂಪಿಗೆ ನಾನು ಕಂಡ ಹಾಗೆ ಅತಿ ಹೆಚ್ಚು ಕಾರಣ ತೆಳು ಈಟಿಗೆ ಅತಿಯಾದ ರಬ್ಬರ್. ಹಿಂದಿನಿಂದ ಒಮ್ಮೆಲೇ ಜೋರಾಗಿ ದೂಡಿದಾಗ ತೆಳು ಈಟಿ ಬಿಲ್ಲಿನಂತೆ ಬಾಗುತ್ತದೆ. ಮೂತಿ ದಾಟುವಾಗಲೂ ಹಾವಿನಂತೆ ಹೊಯ್ದಾಡುತ್ತಿರುತ್ತದೆ. ಹೊಯ್ದಾಟದ ಯಾವ ಹಂತದಲ್ಲಿ ಮೂತಿ ಬಿಟ್ಟಿತು ಅನ್ನುವುದರ ಮೇಲೆ ಅದರ ದಿಕ್ಕು. ಆ ಹೊಯ್ದಾಟದಲ್ಲೇ ಶಕ್ತಿಯೂ ಸೋರಿಹೋಗುತ್ತದೆ. ಅಂದರೆ ರಬ್ಬರ್ ಹೆಚ್ಚಿಸಿ ದೂರ ಕಳೆದುಕೊಂಡಿರಿ.

ಅರ್ಧ ಮಿಲಿಮೀಟರ್ ಅಂದರೆ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? 6.5 ಮಿ.ಮೀ. ಈಟಿಯ ಬದಲು 7 ಮಿ.ಮೀ. ಹಾಕಿದರೆ ಅಷ್ಟೇ ಉದ್ದಕ್ಕೆ ತೂಕ ಸುಮಾರು 16% ಹೆಚ್ಚುತ್ತದೆ. ಆದರೆ ಬಾಗದೆ ನಿಲ್ಲುವ ಗಟ್ಟಿತನ ಸುಮಾರು 35% ಹೆಚ್ಚುತ್ತದೆ. ರಬ್ಬರ್‌ನಲ್ಲೂ ಹಾಗೇ: 16ರಿಂದ 18 ಮಿ.ಮೀ.ಗೆ ಹೋದರೆ ಎಳೆತಕ್ಕೆ ಸಿಗುವ ರಬ್ಬರ್ ಕಾಲು ಭಾಗಕ್ಕಿಂತ ಜಾಸ್ತಿ ಏರುತ್ತದೆ. 6.5 ಮಿ.ಮೀ. ಈಟಿಗೆ ಒಂದು 16 ಮಿ.ಮೀ. ರಬ್ಬರ್ ಅಥವಾ ಎರಡು 14 ಮಿ.ಮೀ. ರಬ್ಬರ್ ಸಾಮಾನ್ಯವಾಗಿ ಹೊಂದುತ್ತದೆ. 7 ಮಿ.ಮೀ. ಈಟಿಗೆ ಒಂದು 18 ಅಥವಾ 20, ಇಲ್ಲವೇ ಎರಡು 16. ಇದು ಶುರುವಿಗೆ ಹಿಡಿಯಬಹುದಾದ ಅಂದಾಜು. ಗನ್ನಿನ ಉದ್ದ, ತೂಕ, ಟ್ರ್ಯಾಕ್ ನೋಡಿ ಹೆಚ್ಚುಕಡಿಮೆ ಮಾಡಬೇಕು.

ಪರೀಕ್ಷೆ ಸುಲಭ. ಎರಡು ರಬ್ಬರ್ ಗನ್ ಆದರೆ ಒಂದನ್ನೇ ಎಳೆದು ಐದು ಏಟು ಹೊಡೆಯಿರಿ. ಒಂದೇ ರಬ್ಬರ್ ಗನ್ ಆದರೆ ಮುಂದಿನ ಕಚ್ಚಿಗೆ ಹಾಕಿ ಹೊಡೆಯಿರಿ. ಶಕ್ತಿ ತಗ್ಗಿಸಿದ ಕೂಡಲೇ ಗುಂಪು ಬಿಗಿಯಾದರೆ ರೋಗ ಗೊತ್ತಾಯಿತು. ನನ್ನ 18 ಮಿ.ಮೀ. ರಬ್ಬರ್ ಕಥೆ ಇಲ್ಲಿಗೇ ಬಂದು ನಿಂತಿತ್ತು.

ರಬ್ಬರ್ ಉದ್ದದ ಲೆಕ್ಕವನ್ನೂ ಒಮ್ಮೆ ನೋಡೋಣ. "300 ಪರ್ಸೆಂಟ್ ಎಳೆತ" ಅನ್ನುವ ಮಾತಿಗೆ ಒಬ್ಬರು ಮೂರು ಪಟ್ಟು ಉದ್ದ ಅನ್ನುತ್ತಾರೆ, ಇನ್ನೊಬ್ಬರು ಮೂರು ಪಟ್ಟು ಹೆಚ್ಚುವರಿ, ಅಂದರೆ ನಾಲ್ಕು ಪಟ್ಟು ಅನ್ನುತ್ತಾರೆ. ಅದಕ್ಕೇ ಪರ್ಸೆಂಟ್ ಬಿಟ್ಟು ಪಟ್ಟಿನಲ್ಲೇ ಹೇಳುತ್ತೇನೆ. ಎಳೆದಾಗಿನ ಉದ್ದ ಸುಮ್ಮನಿದ್ದಾಗಿನ ಉದ್ದದ 3ರಿಂದ 3.5 ಪಟ್ಟು ಇರಲಿ. ಉದಾಹರಣೆಗೆ ಮೂತಿಯ ರಬ್ಬರ್ ತೂತಿನಿಂದ ಕಚ್ಚಿಗೆ 84 ಸೆಂ.ಮೀ. ಇದೆ. ವಿಶ್‌ಬೋನ್ ಅದರಲ್ಲಿ 4 ಸೆಂ.ಮೀ. ತಿನ್ನುತ್ತದೆ. ಉಳಿದದ್ದು 80. ಅದನ್ನು 3.3ರಿಂದ ಭಾಗಿಸಿದರೆ ಒಂದು ಕಡೆಗೆ 24 ಸೆಂ.ಮೀ. ಚಿಲ್ಲರೆ, ಎರಡು ಕಡೆಗೆ 48.5. ಎರಡೂ ತುದಿಯಲ್ಲಿ ಗಂಟಿನಾಚೆ ಎಳೆತಕ್ಕೆ ಸಿಗದ ಭಾಗಕ್ಕೆ ಒಂದೊಂದು ಸೆಂ.ಮೀ. ಸೇರಿಸಿ 50.5ಕ್ಕೆ ಕತ್ತರಿಸಿ. ಇದನ್ನೇ 44ಕ್ಕೆ ಕತ್ತರಿಸಿದರೆ ಎಳೆತ 3.8 ಪಟ್ಟು ಆಗುತ್ತದೆ. ಎಳೆಯುವಾಗ ಗನ್ ಒತ್ತಿಕೊಳ್ಳುವ ಎದೆಗೂ ಕಷ್ಟ, ರಬ್ಬರ್ ಆಯಸ್ಸಿಗೂ ಕಷ್ಟ. ನಿಮ್ಮ ರಬ್ಬರ್ ಬಿಚ್ಚಿ ಅಳೆದು ಈ ಲೆಕ್ಕವನ್ನು ಹಿಂದುಮುಂದಾಗಿ ಮಾಡಿ ನೋಡಿ. ಅಂಗಡಿಯಿಂದ ಬಂದ ಗನ್ನಿನಲ್ಲೂ ಅಳತೆ ಸರಿ ಇರುತ್ತದೆ ಅನ್ನುವ ನಂಬಿಕೆ ಬೇಡ.

ಗುಂಪು ಪಕ್ಕಕ್ಕೆ ಎಳೆಯುತ್ತಿದ್ದರೆ ರಬ್ಬರ್‌ನ ಎರಡು ಕಾಲುಗಳನ್ನು ಹೋಲಿಸಿ. ಒಂದೇ ಉದ್ದನೆಯ ರಬ್ಬರ್ ಮೂತಿಯ ತೂತಿನಲ್ಲಿ ಹಾಯ್ದು ಎರಡೂ ಕಡೆ ಬರುವ ಗನ್ನಿನಲ್ಲಿ ಅದು ಒಂದು ಕಡೆಗೆ ಸರಿದಿರಬಹುದು. ತೂತಿನ ಒಳಗಿನ ತಿಕ್ಕಾಟಕ್ಕೆ ಅದು ತಾನಾಗಿ ಮಧ್ಯಕ್ಕೆ ಬರುವುದಿಲ್ಲ. ರಬ್ಬರ್ ಬಿಚ್ಚಿ, ಸರಿಯಾಗಿ ನಡುವೆ ಬಿಳಿ ಬಣ್ಣದ ಗುರುತು ಹಾಕಿ. ತೂತಿನ ಎರಡೂ ಅಂಚಿಗೆ ಸಮ ದೂರದಲ್ಲಿ ಇನ್ನೆರಡು ಗುರುತು ಇರಲಿ. ಆಮೇಲೆ ನೀರಿಗಿಳಿದು ಎಳೆಯುವಾಗ ಒಂದು ನೋಟ ಸಾಕು. ಎರಡೂ ಕೈಯಿಂದ ಒಟ್ಟಿಗೇ ಎಳೆಯುವ ಅಭ್ಯಾಸ ಮಾಡಿ. ಒಂದು ಕೈ ಮುಂದಾದರೆ ರಬ್ಬರ್ ಆ ಕಡೆ ಜಾರುತ್ತದೆ. ರೋಲರ್ ಗನ್ (ರಬ್ಬರ್ ಮೂತಿಯ ಗಾಲಿಗಳ ಮೇಲೆ ಹಾಯುವ ಬಗೆ) ಆದರೆ ಎರಡೂ ಗಾಲಿ ಸಲೀಸಾಗಿ ತಿರುಗುತ್ತವೆಯೇ ಅಂತ ಕೈಯಿಂದ ತಿರುಗಿಸಿ ನೋಡಿ. ಒಂದು ಗಾಲಿಯಲ್ಲಿ ಉಪ್ಪು ಕಟ್ಟಿದ್ದರೂ ಅದೇ ಫಲ.

ಎರಡು ಮೂರು ಕಚ್ಚು ಇರುವ ಈಟಿಯಲ್ಲಿ ಇವತ್ತು ಹಿಂದಿನ ಕಚ್ಚು, ನಾಳೆ ಮುಂದಿನ ಕಚ್ಚು ಅಂತ ಬದಲಾಯಿಸುತ್ತಿದ್ದರೆ ಈಟಿ ಮೇಲೆ ಕೆಳಗೆ ಆಗುವುದು ಸಹಜ. ಒಂದನ್ನು ಗೊತ್ತು ಮಾಡಿಕೊಳ್ಳಿ.

ಹಳೆ ರಬ್ಬರ್ ಗುರುತಿಸಲು ಅದನ್ನು ಬೆರಳಿಗೆ ಸುತ್ತಿ. ಮೈಮೇಲೆ ಸಣ್ಣ ಬಿರುಕು ಬಾಯಿ ಬಿಟ್ಟರೆ, ಅಂಟಂಟಾಗಿದ್ದರೆ, ಹೊಸದಿದ್ದಾಗಿನ ಅಳತೆಗಿಂತ ಉದ್ದವಾಗಿದ್ದರೆ ಬದಲಿಸಿ. ಬಿಸಿಲು, ಸೆಕೆ, ಎಣ್ಣೆ ಮೂರೂ ರಬ್ಬರ್‌ಗೆ ಶತ್ರು. ಬದಲಿಸುವಾಗ ಜೋಡಿಯಾಗಿಯೇ ಬದಲಿಸಿ. ಇನ್ನೊಂದು ವಿಷಯ: ಎಳೆದ ರಬ್ಬರ್ ತುಂಬ ಹೊತ್ತು ಹಾಗೇ ಇದ್ದರೆ ಸುಸ್ತಾಗುತ್ತದೆ. ಬೆಳಗ್ಗೆ ಎಳೆದು ಗಂಟೆಗಟ್ಟಲೆ ಮೀನಿಗೆ ಕಾದು ಹೊಡೆದ ಏಟು ಕೆಳಗೆ ಬಿದ್ದರೆ ಅಚ್ಚರಿಯಿಲ್ಲ.

ಬ್ಯಾರಲ್, ತೂಕ, ಕೈ

ರಬ್ಬರ್ ಇಲ್ಲದ ಖಾಲಿ ಗನ್ನಿನ ಟ್ರ್ಯಾಕ್ ಮೇಲೆ ಮೂತಿಯಿಂದ ಹಿಡಿಯವರೆಗೆ ಒಂದು ನೂಲು ಬಿಗಿಯಾಗಿ ಹಿಡಿಯಿರಿ. ನೂಲಿಗೂ ಟ್ರ್ಯಾಕಿಗೂ ಎಲ್ಲಾದರೂ ಸಂದು ಕಂಡರೆ, ಅಥವಾ ನೂಲು ಟ್ರ್ಯಾಕಿನ ಪಕ್ಕಕ್ಕೆ ಸರಿದರೆ, ಬ್ಯಾರಲ್ ಬಾಗಿದೆ. ಮರದ ಬ್ಯಾರಲ್ ಬಿಸಿಲಿನಲ್ಲಿ ಬಿದ್ದಿದ್ದು ತಿರುಚುವುದುಂಟು.

ಖಾಲಿ ಇದ್ದಾಗ ನೆಟ್ಟಗಿದ್ದು ರಬ್ಬರ್ ಎಳೆದಾಗ ಬಾಗುವ ಬ್ಯಾರಲ್‌ಗಳೂ ಇವೆ. ಉದ್ದನೆಯ ಅಲ್ಯೂಮಿನಿಯಂ ಕೊಳವೆಗೆ ಎರಡು ರಬ್ಬರ್ ಹಾಕಿದಾಗ ಈ ಕಾಟ. ಇದನ್ನು ನೀರಿನೊಳಗೇ ನೋಡಬೇಕು. ಗನ್ ಹಿಡಿದವರು ಅದನ್ನು ಖಾಲಿ ದಿಕ್ಕಿಗೆ ತಿರುಗಿಸಿ ಅಲುಗಾಡದೆ ಇರಲಿ. ಜೊತೆಗಾರ ಪಕ್ಕದಿಂದ, ಮೂತಿಯ ಹಿಂದೆಯೇ ಇದ್ದುಕೊಂಡು, ಈಟಿ ಮತ್ತು ಟ್ರ್ಯಾಕ್ ನಡುವೆ ಬೆಳಕು ಕಾಣುತ್ತದೆಯೇ ಅಂತ ನೋಡಲಿ. ನಡುವೆ ಸಂದು ಇದ್ದರೆ ಈಟಿಗೆ ಟ್ರ್ಯಾಕಿನ ಆಸರೆ ಸಿಗುತ್ತಿಲ್ಲ. ಪರಿಹಾರ ಮತ್ತೆ ಅದೇ: ರಬ್ಬರ್ ಕಡಿಮೆ ಮಾಡಿ.

ಇನ್ನು ನನ್ನ ಗುಳುಗುಳು. ಕೊಳವೆ ಬ್ಯಾರಲ್ ಒಳಗೆ ಗಾಳಿ ಇರುತ್ತದೆ, ಅದರಿಂದಲೇ ಗನ್ ಹಗುರ. ಮೂತಿ ಅಥವಾ ಹಿಡಿ ಕೂರುವ ಕಡೆಯ ರಬ್ಬರ್ ಉಂಗುರ ಸವೆದರೆ ನೀರು ನುಗ್ಗುತ್ತದೆ. ದಡದಲ್ಲಿ ಅಲುಗಾಡಿಸಿ ಕಿವಿ ಕೊಡಿ. ಬಕೆಟ್ ನೀರಿನಲ್ಲಿ ಒಂದೊಂದೇ ತುದಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡಿ. ಪೂರ್ತಿ ತುಂಬಿಹೋದ ಬ್ಯಾರಲ್ ಸದ್ದು ಮಾಡುವುದಿಲ್ಲ, ಅದಕ್ಕೆ ತೂಕವನ್ನೂ ನೋಡಿ. ಬಿಚ್ಚಿ ಒಣಗಿಸಿ ಉಂಗುರ ಬದಲಿಸಿದರೆ ಕೆಲಸ ಮುಗಿಯಿತು. ನನ್ನ ಗನ್ ಸರಿಹೋಗಲು ಬೇಕಾಗಿದ್ದು ಅಷ್ಟೇ. ಅದಕ್ಕೆ ನಾನು ಕಳೆದದ್ದು ಎರಡು ತಿಂಗಳು.

ತೂಕದ ಹಂಚಿಕೆ ನೋಡಲು ಈಟಿ ಹಾಕಿದ ಗನ್ನನ್ನು, ರಬ್ಬರ್ ಎಳೆಯದೆ, ನೀರಿನಲ್ಲಿ ಎರಡು ಬೆರಳಿನಿಂದ ಹಿಡಿಯಿರಿ. ಮೂತಿ ತಟ್ಟನೆ ಕೆಳಗೆ ಬಿದ್ದರೆ ಏಟೂ ಕೆಳಗೆ, ಮೇಲಕ್ಕೆದ್ದರೆ ಏಟೂ ಮೇಲೆ. ಮೂತಿ ಬೀಳುವ ಗನ್ನಿನಲ್ಲಿ ಮುಂಗೈ ಅದನ್ನು ಎತ್ತಿ ಹಿಡಿಯುತ್ತಲೇ ದಣಿಯುತ್ತದೆ. ಟ್ರಿಗರ್ ಎಳೆಯುವ ಗಳಿಗೆಯಲ್ಲಿ ಬೆರಳಿನ ಜೊತೆ ಮುಂಗೈಯೂ ಸಡಿಲವಾಗುತ್ತದೆ.

ಹಿಂದೊದೆತಕ್ಕೂ ಕೈಗೂ ನಂಟಿದೆ. ರಬ್ಬರ್ ಎಳೆತದ ನೇರ ಮೇಲೆ, ಹಿಡಿ ಅದಕ್ಕಿಂತ ಕೆಳಗೆ. ಹಾಗಾಗಿ ಗನ್ ಹಿಂದಕ್ಕೆ ಒದೆಯುವಾಗ ಮೂತಿ ಮೇಲಕ್ಕೆ ಕುಪ್ಪಳಿಸುತ್ತದೆ. ಹಗುರ ಗನ್ನು, ಭಾರ ಈಟಿ, ದಪ್ಪ ರಬ್ಬರ್ ಮೂರೂ ಸೇರಿದರೆ ಜೋರು. ಹಿಡಿಯನ್ನು ಆದಷ್ಟು ಮೇಲೆ, ಎಳೆತದ ನೇರಕ್ಕೆ ಹತ್ತಿರ ಹಿಡಿಯಿರಿ. ಮೊಣಕೈ ನೆಟ್ಟಗಿಟ್ಟು ಬಿಗಿ ಮಾಡಿ. ಹತ್ತು ಏಟಿನ ಪರೀಕ್ಷೆಯಲ್ಲಿ ಮೊದಲ ನಾಲ್ಕು ಸರಿಯಾಗಿದ್ದು ಆಮೇಲಿನವು ಮೇಲಕ್ಕೆ ಹತ್ತುತ್ತಿದ್ದರೆ ಕೈ ದಣಿದಿದೆ, ವಿಶ್ರಾಂತಿ ಕೊಡಿ. ತೂತುಗಳಿಗೆ ಸಂಖ್ಯೆ ಬರೆಯಿರಿ ಅಂದಿದ್ದು ಇದಕ್ಕೇ.

ಲೈನ್

ಇದನ್ನು ಬೇಗ ಮುಗಿಸುತ್ತೇನೆ. ತೆರೆದ ಮೂತಿಯ, ಅಂದರೆ ಮೂತಿಯಲ್ಲಿ ಈಟಿಯ ಮೇಲೆ ಮುಚ್ಚಿಗೆ ಇಲ್ಲದ ಗನ್ನಿನಲ್ಲಿ ಈಟಿಯ ಮುಂಭಾಗವನ್ನು ಕೆಳಗೆ ಅದುಮಿ ಹಿಡಿಯುವುದು ಲೈನ್ ಸುತ್ತೇ. ಸಡಿಲವಾದರೆ ಈಟಿ ಮೂತಿಯಲ್ಲಿ ಎದ್ದೇಳುತ್ತದೆ, ಅತಿ ಬಿಗಿಯಾದರೆ ಈಟಿಯನ್ನು ಪಕ್ಕಕ್ಕೆ ಎಳೆಯುತ್ತದೆ. ಬೆರಳಿನಿಂದ ಎತ್ತಿದರೆ ಈಟಿ ಅಲುಗಬಾರದು, ಆದರೆ ಲೈನ್ ವೀಣೆ ತಂತಿಯಂತೆ ಮಿಡಿಯಲೂಬಾರದು. ಏಟು ಚೆನ್ನಾಗಿ ಹೊರಟು ಗುರಿಯ ಹತ್ತಿರ ತಟ್ಟನೆ ನಿಂತಂತಾದರೆ ಅಥವಾ ಕುಕ್ಕಿದರೆ ಲೈನ್ ಮುಗಿದಿರಬಹುದು, ಇಲ್ಲವೇ ಲೈನ್ ಬಿಡುವ ಪುಟ್ಟ ಲಿವರ್ ಉಪ್ಪು ಕಟ್ಟಿ ತಡವಾಗಿ ಬಿಡುತ್ತಿರಬಹುದು. ಗೀರು ಬಿದ್ದ, ಸುರುಳಿ ನೆನಪು ಬಿಡದ ನೈಲಾನ್ ಲೈನನ್ನು ಸುಮ್ನೆ ಬದಲಿಸಿ, ಅದರ ಬಗ್ಗೆ ಯೋಚಿಸುವುದೂ ದಂಡ. ಬೇಕಾದದ್ದಕ್ಕಿಂತ ದಪ್ಪ ಲೈನ್ ಹಾಕಿದರೆ ಈಟಿ ಅದನ್ನೂ ಎಳೆದುಕೊಂಡು ಹೋಗಬೇಕು, ದೂರ ತಗ್ಗುತ್ತದೆ.

ಟ್ರಿಗರ್

ಟ್ರಿಗರ್ ಬಿಗಿಯಾಗಿದ್ದರೆ ಬೆರಳು ಜಗ್ಗುತ್ತದೆ, ಗನ್ ಅಲುಗುತ್ತದೆ, ಗುಂಪು ಹರಡುತ್ತದೆ. ಮರಳು ಮತ್ತು ಉಪ್ಪು ಸಾಮಾನ್ಯ ಕಾರಣ. ಸಿಹಿ ನೀರಿನಲ್ಲಿ ನೆನೆಹಾಕಿ, ಟ್ರಿಗರನ್ನು ಹಲವು ಸಲ ಎಳೆದು ಬಿಟ್ಟು ತೊಳೆಯಿರಿ. ಬಹಳಷ್ಟು ಸಲ ಅಷ್ಟೇ ಸಾಕು.

ಆದರೆ ಇಲ್ಲೊಂದು ಗೆರೆ ಇದೆ. ಈಟಿಯ ಹಿಂತುದಿಯಲ್ಲಿ ಟ್ರಿಗರ್ ಯಂತ್ರ ಕಚ್ಚಿ ಹಿಡಿಯುವ ಚೌಕ ಕಚ್ಚನ್ನು ಬೆಳಕಿಗೆ ಹಿಡಿದು ನೋಡಿ. ಅಂಚು ಚೂಪಾಗಿರಬೇಕು. ದುಂಡಗಾಗಿದ್ದರೆ, ಹೊಳೆಯುವ ಇಳಿಜಾರು ಮೂಡಿದ್ದರೆ, ಆ ಈಟಿ ತಾನಾಗಿ ಜಾರಿ ಹೊರಡುವ ದಿನ ದೂರವಿಲ್ಲ. ರಬ್ಬರ್ ಇಲ್ಲದೆ ಈಟಿಯನ್ನು ಯಂತ್ರಕ್ಕೆ ಸಿಕ್ಕಿಸಿ, ತುದಿಗೆ ಬಟ್ಟೆ ಸುತ್ತಿ, ಕೈಯಿಂದ ಮುಂದಕ್ಕೆ ಜಗ್ಗಿ, ಅಲುಗಾಡಿಸಿ. ಕೈಯ ಜಗ್ಗಾಟಕ್ಕೇ ಬಿಟ್ಟುಕೊಟ್ಟರೆ ರಬ್ಬರ್ ಎಳೆಯುವ ಮಾತೇ ಬೇಡ. ಬಿಟ್ಟುಕೊಡದಿದ್ದರೂ ದುಂಡಗಾದ ಅಂಚನ್ನು ನಂಬಬೇಡಿ, ಕೈಯ ಬಲಕ್ಕೂ ರಬ್ಬರ್‌ನ ಬಲಕ್ಕೂ ಅಜಗಜಾಂತರ. ಟ್ರಿಗರ್ ಹಗುರ ಮಾಡಲು ಒಳಗಿನ ಲಿವರಿಗೆ ಅರ ಹಾಕುವವರನ್ನು ನೋಡಿದ್ದೇನೆ. ಆ ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ. ಈಟಿ ಹೊಸದು ತನ್ನಿ. ಹೊಸ ಈಟಿಯೂ ಜಾರಿದರೆ ಯಂತ್ರವನ್ನೇ ಬದಲಿಸಿ. ಅಲ್ಲಿಯ ತನಕ ಆ ಗನ್ನಿನ ರಬ್ಬರ್ ಬಿಚ್ಚಿ ಬೇರೆ ಕಡೆ ಇಡಿ, ಗೊತ್ತಿಲ್ಲದ ಯಾರೋ ಅದನ್ನು ನೀರಿಗೆ ಒಯ್ಯದ ಹಾಗೆ.